ನನ್ನ ಪೆನ್‌ಡ್ರೈವ್ ಹೋದ ದಾರಿ

ಹಾರ್ಡ್ ಡಿಸ್ಕ್ ಸಾಯುವ ಮುಂಚೆ ಸದ್ದು ಮಾಡುತ್ತದೆ. ದೂರದ ಕೋಣೆಯಲ್ಲಿ ಗೋಡೆ ಗಡಿಯಾರ ಟಿಕ್ ಟಿಕ್ ಎಂದ ಹಾಗೆ, ಬಿಟ್ಟು ಬಿಟ್ಟು. ಮೂವತ್ತಮೂರು ವರ್ಷ ಕಂಪ್ಯೂಟರ್ ರಿಪೇರಿ ಮಾಡಿ ನಿವೃತ್ತಳಾದ ನನಗೆ ಮಧ್ಯಾಹ್ನ ಊಟವಾಗಿ ಜೊಂಪು ಹತ್ತಿದಾಗ ಈಗಲೂ ಆ ಸದ್ದು ಕೇಳುತ್ತದೆ. ಬ್ಯಾಗ್ ಎಲ್ಲಿ ಎಂದು ಗಾಬರಿಯಿಂದ ಎದ್ದು ಕೂರುತ್ತೇನೆ. ನೋಡಿದರೆ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿರುತ್ತದೆ.

ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾಲ್ಕು ಮಾತು ಬರೆಯಬೇಕು ಎಂದು ಬಹಳ ದಿನದಿಂದ ಅಂದುಕೊಂಡಿದ್ದೆ. ನನಗೆ ಯಾವ ವರ್ಷ ಬಡ್ತಿ ಸಿಕ್ಕಿತು ಎಂಬುದನ್ನೆಲ್ಲ ಬರೆಯುವುದಿಲ್ಲ. ಅದು ನನಗೇ ಸರಿಯಾಗಿ ನೆನಪಿಲ್ಲ. ಸದ್ದು ಮಾಡಿ ಕೆಡುವ ಯಂತ್ರಗಳ ಬಗ್ಗೆಯೂ ಹೆಚ್ಚು ಹೇಳಬೇಕಿಲ್ಲ. ಸದ್ದೇ ಇಲ್ಲದೆ ಬರುವ ಕೇಡೊಂದಿದೆ. ಅದನ್ನು ಒಂದು ಸಲ ನಾನೇ ಕೈಯಾರೆ ಹೊತ್ತುಕೊಂಡು ಹೋಗಿ ಊರೂರಿಗೆ ಹಂಚಿದೆ. ಆ ಕಥೆ ಹೇಳದೆ ಉಳಿದದ್ದನ್ನೆಲ್ಲ ಹೇಳಿದರೆ ಅದು ಬರೀ ಜಂಬವಾಗುತ್ತದೆ.

ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ನಾನು ಸೇರಿದ್ದು ಶಿವಮೊಗ್ಗದ ಒಂದು ಟೈಪ್‌ರೈಟರ್ ರಿಪೇರಿ ಅಂಗಡಿಗೆ. ನಾನು ಸೇರಿದ ಸ್ವಲ್ಪ ದಿನಕ್ಕೆ ಬೋರ್ಡು ಬದಲಾಗಿ ಅದು ಕಂಪ್ಯೂಟರ್ ಸರ್ವೀಸ್ ಸೆಂಟರ್ ಆಯಿತು. ಬೋರ್ಡು ಬದಲಾದರೂ ಮಾಲೀಕರಾದ ಹಾಲಪ್ಪ ಸರ್ ಬದಲಾಗಲಿಲ್ಲ. ಹಣೆಯಲ್ಲಿ ವಿಭೂತಿ, ಜೇಬಿನಲ್ಲಿ ಟೆಸ್ಟರ್, ಬಾಯಲ್ಲಿ ಏಲಕ್ಕಿ. ಹೆಣ್ಣುಮಗಳು ಟೂಲ್ ಬ್ಯಾಗ್ ಹಿಡಿದು ತಿರುಗುತ್ತಾಳಲ್ಲ ಎಂದು ನಗುವವರಿಗೆ ಅವರು ಉತ್ತರವನ್ನೇ ಕೊಡುತ್ತಿರಲಿಲ್ಲ. ಬ್ಯಾಗನ್ನು ನನ್ನ ಕೈಗೆ ಕೊಟ್ಟು ಭದ್ರಾವತಿ ಬಸ್ಸಿಗೆ ಹತ್ತಿಸುತ್ತಿದ್ದರು. ಅವರು ನನಗೆ ಕಲಿಸಿದ್ದು ಒಂದೇ ಪಾಠ.

"ಮಿಷನ್ ಬಿಚ್ಚೋಕೆ ಮುಂಚೆ ಮನುಷ್ಯರ್ನ ಕೇಳಮ್ಮ ಸರೋಜ. ಕೊನೇಲಿ ಕೈ ಹಾಕಿದ್ದು ಯಾರು ಅಂತ ಕೇಳು. ಅರ್ಧ ರಿಪೇರಿ ಅಲ್ಲೇ ಆಗ್ಹೋಗುತ್ತೆ."

ನಾನು ಹೋದಲ್ಲೆಲ್ಲ ಅದನ್ನೇ ಕೇಳಿದೆ. ಎಲ್ಲ ಕಡೆಯೂ ಒಂದೇ ಉತ್ತರ: "ಯಾರೂ ಮುಟ್ಟಿಲ್ಲ ಮೇಡಮ್, ತಾನಾಗೇ ಹಿಂಗಾಯ್ತು." ತಾನಾಗೇ ಕೆಟ್ಟ ಕಂಪ್ಯೂಟರನ್ನು ನಾನು ನೋಡಿದ್ದು ಕಡಿಮೆ.

ಆ ಕಾಲದಲ್ಲಿ ಕಂಪ್ಯೂಟರ್ ಇರುವ ಕೋಣೆಗೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಿತ್ತು. ಒಳಗೆ ತಣ್ಣಗೆ, ಕತ್ತಲೆ ಕತ್ತಲೆ. ಪರದೆಯ ಮೇಲೆ ಹಸಿರು ಅಕ್ಷರಗಳು. ವೈರಸ್‌ಗಳೂ ಆಗ ಫ್ಲಾಪಿಯಲ್ಲಿ ಕೂತು ನಿಧಾನವಾಗಿ ಪ್ರಯಾಣ ಮಾಡುತ್ತಿದ್ದವು, ಮತ್ತು ಅವಕ್ಕೆ ಒಂದು ಬಗೆಯ ತಮಾಷೆ ಗೊತ್ತಿತ್ತು. ಒಂದು ವೈರಸ್ ಹೊಕ್ಕರೆ ಪರದೆಯ ಅಕ್ಷರಗಳೆಲ್ಲ ಒಂದೊಂದಾಗಿ ಕಳಚಿಕೊಂಡು ಉದುರಿ ಕೆಳಗೆ ರಾಶಿ ಬೀಳುತ್ತಿದ್ದವು. ಮೊದಲ ಸಲ ಅದನ್ನು ಕಂಡಾಗ ನಾನೂ ಆ ಕಚೇರಿಯ ಗುಮಾಸ್ತರೂ ಕೆಲಸ ಮರೆತು, ಪಾರಿಜಾತ ಉದುರುವುದನ್ನು ನೋಡುವವರ ಹಾಗೆ ನೋಡುತ್ತ ಕೂತಿದ್ದೆವು. ಕೊನೆಯ ಅಕ್ಷರ ಬಿದ್ದ ಮೇಲೆ ಅವರು, "ಮಾರಾಯ್ತಿ, ಅದು ನನ್ನ ರಿಪೋರ್ಟು," ಎಂದು ತಲೆ ಮೇಲೆ ಕೈ ಹೊತ್ತರು.

ಇಂಟರ್ನೆಟ್ ಬಂದ ಮೇಲೆ ಈ ಕೇಡು ನಾಚಿಕೆ ಸ್ವಭಾವದ್ದಾಯಿತು. ಮುಖ ತೋರಿಸುವುದನ್ನೇ ಬಿಟ್ಟಿತು. ಕುಂಸಿಯಲ್ಲಿ ಪರಮೇಶಣ್ಣ ಎಂಬವರ ಜೆರಾಕ್ಸ್ ಅಂಗಡಿಯಿದೆ. ಜಾತಕ ಬರೆಯುವ ಉಚಿತ ಸಾಫ್ಟ್‌ವೇರ್ ಸಿಕ್ಕಿತೆಂದು ಅವರು ಡೌನ್‌ಲೋಡ್ ಮಾಡಿಕೊಂಡಿದ್ದರು. ನಾನು ಹೋಗಿ ನೋಡಿದರೆ ಬ್ರೌಸರ್‌ನ ತಲೆಯ ಮೇಲೆ ಏಳೆಂಟು ಪಟ್ಟಿಗಳು ಒಂದರ ಮೇಲೊಂದು ಕೂತಿವೆ. ಪುಟ ಓದಲು ಉಳಿದಿರುವುದು ನಾಲ್ಕು ಬೆರಳಷ್ಟು ಜಾಗ.

"ಚೆನ್ನಾಗಿದೆ ಅಲ್ವಾ ಮೇಡಮ್, ಬಣ್ಣ ಬಣ್ಣ? ಇದ್ರದ್ದೇನೂ ತೊಂದ್ರೆ ಇಲ್ಲ. ಫ್ಯಾನ್ ಮಾತ್ರ ಹಗಲೆಲ್ಲ ಕೂಗ್ತದೆ, ಅದನ್ನ ನೋಡಿ ಸಾಕು," ಎಂದರು ಪರಮೇಶಣ್ಣ.

ಫ್ಯಾನ್ ಕೂಗಿದ್ದು ಸುಮ್ಮನೆ ಅಲ್ಲ. ಜಾತಕದ ಜೊತೆ ಒಳಗೆ ಬಂದ ಇನ್ಯಾವುದೋ ಪ್ರೋಗ್ರಾಮ್, ಇವರ ಯಂತ್ರವನ್ನು ಇವರಿಗೆ ಗೊತ್ತಿಲ್ಲದೆ ಬೇರೆ ಯಾರದೋ ಲೆಕ್ಕಾಚಾರಕ್ಕೆ ದುಡಿಸುತ್ತಿತ್ತು. ನಿಮ್ಮ ಕರೆಂಟಿನಲ್ಲಿ ಯಾರೋ ಕಾಣದ ಊರಿನವರು ಗಿರಣಿ ನಡೆಸುತ್ತಿದ್ದಾರೆ ಎಂದು ವಿವರಿಸಿದೆ. ಪರಮೇಶಣ್ಣ, "ಆದ್ರೂ ಜಾತಕ ಸರಿಯಾಗೇ ಬರ್ತಿತ್ತಲ್ಲ," ಎಂದರು. ನಾನು ನಕ್ಕುಬಿಟ್ಟೆ. ಅವರ ಮಾತಿನಲ್ಲಿ ಎಷ್ಟು ಸತ್ಯವಿತ್ತು ಎಂದು ಆಗ ನನಗೆ ಹೊಳೆಯಲಿಲ್ಲ. ಮೋಸದ ಸಾಫ್ಟ್‌ವೇರ್ ಹೇಳಿದ ಕೆಲಸವನ್ನು ಚೆನ್ನಾಗಿಯೇ ಮಾಡಿಕೊಡುತ್ತದೆ. ಅದಕ್ಕೇ ಅದು ನಮ್ಮ ಜೊತೆ ಅಷ್ಟು ದಿನ ಬಾಳುತ್ತದೆ.

ಈಗ ನಮ್ಮ ಕಸುಬಿನ ಒಂದು ಕೆಟ್ಟ ಚಾಳಿಯ ಬಗ್ಗೆ ಹೇಳಬೇಕು. ಕನ್ನಡದ ಪ್ರೆಸ್ಸು, ಡಿಟಿಪಿ ಸೆಂಟರು, ಸ್ಟುಡಿಯೋಗಳಲ್ಲಿ ಕೆಲಸ ಮಾಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಕನ್ನಡದ ಕೀಬೋರ್ಡು, ಹಳೇ ಫಾಂಟಿನ ಬರಹವನ್ನು ಎಲ್ಲ ಕಂಪ್ಯೂಟರೂ ಓದಬಲ್ಲ ಯೂನಿಕೋಡ್‌ಗೆ ತಿರುಗಿಸುವ ಕನ್ವರ್ಟರು, ಇವನ್ನೆಲ್ಲ ದೊಡ್ಡ ಕಂಪನಿಗಳು ಮಾಡಿಕೊಟ್ಟದ್ದು ಕಡಿಮೆ. ಯಾರೋ ಪುಣ್ಯಾತ್ಮರು, ಬಿಡುವಿನಲ್ಲಿ, ಭಾಷೆಯ ಮೇಲಿನ ಪ್ರೀತಿಗೆ ಮಾಡಿ ಇಟ್ಟಿರುತ್ತಿದ್ದರು. ಆಂಟಿವೈರಸ್‌ಗೆ ಅವರ ಗುರುತು ಇರುವುದಿಲ್ಲ. ಹಾಕಿದ ಕೂಡಲೇ ಅಪಾಯ, ಅಪಾಯ ಎಂದು ಕೂಗಿ ಅಳಿಸಿ ಹಾಕುತ್ತಿತ್ತು. ತೋಳ ಬಂತು ತೋಳ ಎಂದು ದಿನಾ ಕೂಗಿದರೆ ಯಾರು ಕೇಳುತ್ತಾರೆ? ಕನ್ನಡದ ಟೂಲ್ ಹಾಕುವ ಮುಂಚೆ ಆಂಟಿವೈರಸ್ ಆಫ್ ಮಾಡಬೇಕು ಎಂಬುದು ನಮ್ಮಲ್ಲಿ ದೀಪ ಹಚ್ಚುವ ಮುಂಚೆ ಕೈ ತೊಳೆಯುವಷ್ಟು ಸಹಜವಾಗಿತ್ತು. ಅದನ್ನು ನಾನೇ ಎಷ್ಟೋ ಜನಕ್ಕೆ ಕಲಿಸಿದ್ದೆ.

ನನ್ನ ಗಿರಾಕಿಗಳಲ್ಲಿ ನನಗೆ ಬಹಳ ಇಷ್ಟವಾದ ಜಾಗ ಭದ್ರಾವತಿ ನ್ಯೂ ಟೌನಿನಲ್ಲಿದ್ದ ಮುಸ್ತಫಾನ ಫೋಟೋ ಸ್ಟುಡಿಯೋ. ನನಗಿಂತ ಹತ್ತು ವರ್ಷ ಚಿಕ್ಕವನು. ನನ್ನನ್ನು ಅಕ್ಕ ಎನ್ನುತ್ತಿದ್ದ. ಸ್ಟುಡಿಯೋ ಕಟ್ಟಿದ್ದು ಅವನ ತಂದೆ ಬಾಷಾ ಸಾಬರು. ಉಕ್ಕಿನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಮಗು ಹುಟ್ಟಿದರೆ, ಮದುವೆಯಾದರೆ, ಯಾರಾದರೂ ಹೊಸ ಸ್ಕೂಟರ್ ಕೊಂಡರೆ ಬಾಷಾ ಸಾಬರಿಗೆ ಹೇಳಿಕಳಿಸುತ್ತಿದ್ದರಂತೆ. ತೆಲುಗರು, ತಮಿಳರು, ಕನ್ನಡದವರು, ಎಲ್ಲರ ಮನೆಯ ಗೋಡೆಯ ಮೇಲೂ ಅವರು ತೆಗೆದ ಫೋಟೋ. ಆದರೆ ಅವರದ್ದೇ ಒಂದು ಫೋಟೋ ಇರಲಿಲ್ಲ. ಫೋಟೋ ತೆಗೆಯುವವನು ಫೋಟೋದಲ್ಲಿ ಇರಬಾರದು ಎಂಬುದು ಅವರ ಶಪಥ. ಹಿಂದೆ ಕನ್ನಡಿ ಕಂಡರೆ ಅದಕ್ಕೆ ಬೆಡ್‌ಶೀಟ್ ಮುಚ್ಚಿಸಿ ಆಮೇಲೆ ಕ್ಯಾಮೆರಾ ಎತ್ತುತ್ತಿದ್ದರು. ಅವರು ತೀರಿಕೊಂಡಾಗ ಮನೆಯಲ್ಲಿದ್ದದ್ದು ರೇಷನ್ ಕಾರ್ಡಿನ ಚಿತ್ರ, ಅದರಲ್ಲಿ ಕಣ್ಣು ಮುಚ್ಚಿತ್ತು.

"ಅಬ್ಬಾ ಎಲ್ರನ್ನೂ ಇಟ್ಟು ಹೋದ್ರು ಅಕ್ಕ, ತಮ್ಮನ್ನ ಬಿಟ್ಟು," ಎನ್ನುತ್ತಿದ್ದ ಮುಸ್ತಫಾ.

ಅದಕ್ಕೇ ಅವನಿಗೆ ಆ ನೆಗೆಟಿವ್‌ಗಳೇ ತಂದೆಯಾಗಿದ್ದವು. ಆರು ವರ್ಷ, ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ, ಒಂದೊಂದನ್ನೂ ಒರೆಸಿ ಸ್ಕ್ಯಾನ್ ಮಾಡುತ್ತಿದ್ದ. ನಾನು ಕೆಲಸವಿಲ್ಲದಿದ್ದರೂ ಹೋಗಿ ಕೂರುತ್ತಿದ್ದೆ. ಬಾಗಿಲ ಪರದೆಯ ಸಂದಿಯಿಂದ ಬಿಸಿಲಿನ ಒಂದು ಎಳೆ ನೆಲದ ಮೇಲೆ ಬಿದ್ದಿರುತ್ತಿತ್ತು. ಸ್ಕ್ಯಾನರಿನ ಬೆಳಕು ಒಂದು ತುದಿಯಿಂದ ಇನ್ನೊಂದು ತುದಿಗೆ ಅವಸರವಿಲ್ಲದೆ ಸರಿಯುತ್ತಿತ್ತು. ನೆಗೆಟಿವ್‌ನಲ್ಲಿ ಎಲ್ಲರ ಕೂದಲೂ ಬಿಳಿ, ಮುಡಿದ ಮಲ್ಲಿಗೆ ಕಪ್ಪು. ಒಂದು ಕ್ಲಿಕ್‌ಗೆ ಅದು ತಿರುಗಿ, ಮುದುಕರೆಲ್ಲ ಹುಡುಗರಾಗಿ ಎದ್ದು ನಗುತ್ತಿದ್ದರು. ಕುಲುಮೆಯ ಕೆಲಸದವರು, ಕ್ರೇನ್ ಓಡಿಸುವವರು, ಎರಡು ಜಡೆಯ ಹುಡುಗಿಯರು. ನನ್ನ ಗುರುತಿನವರು ಒಬ್ಬರೂ ಇರಲಿಲ್ಲ. ಆದರೂ ಬಸ್ಸಿನಲ್ಲಿ ವಾಪಸು ಬರುವಾಗ ಅವರೆಲ್ಲ ನನ್ನ ಜೊತೆ ಶಿವಮೊಗ್ಗದವರೆಗೂ ಬರುತ್ತಿದ್ದರು.

ನೆಗೆಟಿವ್‌ಗಳು ಶೀತಕ್ಕೆ ಬೂಷ್ಟು ಹಿಡಿದು ಅಂಟಿಕೊಳ್ಳುತ್ತಿದ್ದವು. ಹೇಗೂ ಉಳಿಯುವುದಿಲ್ಲವೆಂದು ಸ್ಕ್ಯಾನ್ ಆದ ನೆಗೆಟಿವ್‌ಗಳನ್ನು ಅವನು ಎಸೆದುಬಿಡುತ್ತಿದ್ದ. ಎರಡನೇ ಪ್ರತಿ ಇರಲಿ ಎಂದು ಒಂದು ಬ್ಯಾಕಪ್ ಡಿಸ್ಕ್ ಕೊಡಿಸಿದವಳು ನಾನೇ. "ಇದನ್ನ ಯಾವಾಗ್ಲೂ ಕಂಪ್ಯೂಟರ್‌ಗೆ ಹಾಕೇ ಇಡು, ಮರೆತರೂ ತಾನಾಗೇ ಕಾಪಿ ಆಗ್ತಿರುತ್ತೆ," ಎಂದು ಹೇಳಿಕೊಟ್ಟವಳೂ ನಾನೇ.

ನನ್ನ ನಿವೃತ್ತಿಗೆ ಇನ್ನು ಏಳು ತಿಂಗಳಿತ್ತು. ಯಾವ ಫೋಟೋದಲ್ಲಿ ಯಾರಿದ್ದಾರೆ ಎಂಬ ಬಾಷಾ ಸಾಬರ ಪಟ್ಟಿಯನ್ನು ಮುಸ್ತಫಾ ಹಿಂದೆಯೇ ಹಳೇ ಫಾಂಟಿನಲ್ಲಿ ಟೈಪ್ ಮಾಡಿಟ್ಟಿದ್ದ. ಹೆಸರು ಬರೆದು ಹುಡುಕಿದರೆ ಸಿಗಬೇಕು ಎಂಬುದು ಅವನ ಆಸೆ. ಅದಕ್ಕೆ ಪಟ್ಟಿ ಯೂನಿಕೋಡ್‌ಗೆ ತಿರುಗಬೇಕು. ನನ್ನ ಹಳೇ ಕನ್ವರ್ಟರ್ ಹೊಸ ವಿಂಡೋಸ್‌ನಲ್ಲಿ ಏಳಲಿಲ್ಲ. ಸರ್ವೀಸ್ ಸೆಂಟರಿನಲ್ಲಿ ಕೂತು ಹುಡುಕಿದೆ. ಒಂದು ಪುಟ ಸಿಕ್ಕಿತು. ನಡುವೆ ಅಂಗೈಯಗಲದ ಹಸಿರು ಬಟನ್, ಅದರ ಮೇಲೆ ಡೌನ್‌ಲೋಡ್ ಎಂದಿತ್ತು. ಕೆಳಗೆ ಮೂಲೆಯಲ್ಲಿ ಸಣ್ಣ ನೀಲಿ ಅಕ್ಷರದಲ್ಲಿ ಇನ್ನೊಂದು ಡೌನ್‌ಲೋಡ್ ಇತ್ತು. ಅದು ನಿಜವಾದದ್ದು, ಹಸಿರಿನದು ಜಾಹೀರಾತು. ನೂರು ಜನಕ್ಕೆ ಈ ವ್ಯತ್ಯಾಸ ಹೇಳಿಕೊಟ್ಟ ನಾನು ಅವತ್ತು ಹಸಿರನ್ನೇ ಒತ್ತಿದೆ. ಆಂಟಿವೈರಸ್ ಕೂಗಿತು. ಆಫ್ ಮಾಡಿದೆ. ನೆಕ್ಸ್ಟ್, ನೆಕ್ಸ್ಟ್, ನೆಕ್ಸ್ಟ್. ಓದಲಿಲ್ಲ.

ಕನ್ವರ್ಟರ್ ಮುತ್ತಿನಂಥ ಕೆಲಸ ಮಾಡಿತು. ಒಂದು ಒತ್ತಕ್ಷರವೂ ಮುರಿಯಲಿಲ್ಲ. ಅದನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಮೂರು ಕಡೆ ಹೋಗಿ ಹಾಕಿಕೊಟ್ಟೆ: ಆಲ್ಕೊಳದ ಒಂದು ಪ್ರೆಸ್ಸು, ಕುಂಸಿಯ ಪರಮೇಶಣ್ಣ, ಮತ್ತೆ ಮುಸ್ತಫಾ. ಅವನು ಒಂದು ಹೆಸರು ಬರೆದು ಹುಡುಕಿದ. ಆ ಹೆಸರಿನವರ ನಾಮಕರಣ, ಶಾಲೆ, ಮದುವೆ ಸಾಲಾಗಿ ಬಂದು ನಿಂತವು. ಮುಸ್ತಫಾನ ಕಣ್ಣು ತುಂಬಿತು. ನನ್ನ ಕಣ್ಣೂ.

ಎರಡು ವಾರ ಕಳೆದು ಬೆಳಗ್ಗೆ ಅವನ ಫೋನ್ ಬಂತು. "ಅಕ್ಕ, ಎಲ್ಲಾ ಬೆಳ್ಳಗಾಗಿಬಿಟ್ಟಿದೆ. ಬೇಗ ಬನ್ನಿ."

ಹೋಗಿ ನೋಡಿದೆ. ಮುಖಗಳಿದ್ದ ಜಾಗದಲ್ಲೆಲ್ಲ ಬಿಳಿ ಹಾಳೆಯ ಗುರುತು, ಸಾಲು ಸಾಲು, ಎಷ್ಟು ಕೆಳಗೆ ಸರಿಸಿದರೂ ಬಿಳಿ. ನಿಮ್ಮ ಫೈಲುಗಳಿಗೆ ಬೀಗ ಹಾಕಿದ್ದೇವೆ, ಬೀಗದಕೈ ಬೇಕಾದರೆ ಹಣ ಕೊಡಿ ಎಂಬ ಇಂಗ್ಲಿಷಿನ ಒಂದು ಚೀಟಿ. ಬ್ಯಾಕಪ್ ಡಿಸ್ಕ್ ತೆರೆದೆ. ಅದು ಯಾವಾಗಲೂ ಹಾಕೇ ಇತ್ತಲ್ಲ, ಅದೂ ಬಿಳಿ. ಆ ಕೋಣೆಯಲ್ಲಿ ನಾನು ಎಷ್ಟೋ ಮಧ್ಯಾಹ್ನ ಕಂಡಿದ್ದ ಜನವೆಲ್ಲ ಬೆಡ್‌ಶೀಟ್ ಹಿಂದೆ ಹೋಗಿ ನಿಂತುಬಿಟ್ಟಿದ್ದರು.

ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಅವರೆದುರೇ ನನ್ನ ಹಳೇ ಪ್ರಶ್ನೆ ಕೇಳಿದೆ. "ಕೊನೇಲಿ ಕೈ ಹಾಕಿದ್ದು ಯಾರು? ಏನು ಡೌನ್‌ಲೋಡ್ ಮಾಡ್ದೆ?"

ಮುಸ್ತಫಾ ತಲೆ ತಗ್ಗಿಸಿದ. "ಹೋದ ವಾರ ಒಂದು ಆಲ್ಬಮ್ ಡಿಸೈನ್ ತಗೊಂಡಿದ್ದೆ ಅಕ್ಕ. ನಂದೇ ತಪ್ಪು."

"ಸಾವಿರ ಸಲ ಹೇಳಿದೀನಿ," ಎಂದು ಬೈದೆ.

ಮೂರನೇ ದಿನ ಆಲ್ಕೊಳದ ಪ್ರೆಸ್ಸಿನಲ್ಲೂ ಅದೇ ಬಿಳಿ. ಅವರು ಬ್ಯಾಕಪ್ಪನ್ನು ಬೇರೆ ಇಟ್ಟಿದ್ದರು, ಉಳಿದುಕೊಂಡರು. ಮಾರನೇ ದಿನ ಕುಂಸಿಯಲ್ಲೂ ಅದೇ. ಅಲ್ಲಿ ನಾನು ಬ್ಯಾಗ್ ಇಳಿಸುತ್ತಲೇ ಕೇಳಿದೆ, ಕೊನೇಲಿ ಕೈ ಹಾಕಿದ್ದು ಯಾರು ಎಂದು. ಪರಮೇಶಣ್ಣ ಯಾವ ಕುಹಕವೂ ಇಲ್ಲದೆ, ಟೀ ಲೋಟ ಮುಂದೆ ಹಿಡಿದು ಹೇಳಿದರು:

"ನೀವೇ ಅಲ್ವಾ ಮೇಡಮ್?"

ಟೀ ಕುಡಿದೆನೋ ಇಲ್ಲವೋ ನೆನಪಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಹೊರಗೆ ಊರುಗಳು ನಿದ್ದೆಯಲ್ಲಿ ಕಂಡ ಹಾಗೆ ಹಿಂದೆ ಹೋಗುತ್ತಿದ್ದವು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಕೈಚೀಲದೊಳಗೆ ಆ ಪೆನ್‌ಡ್ರೈವ್ ಇತ್ತು, ನನ್ನ ಹೆಬ್ಬೆರಳಿನಷ್ಟು ಉದ್ದ. ಅದನ್ನು ಮುಟ್ಟಲು ಭಯವಾಯಿತು.

ಹಾಲಪ್ಪ ಸರ್ ತೀರಿಕೊಂಡ ಮೇಲೆ ಬಂದಿದ್ದ ಮ್ಯಾನೇಜರ್‌ಗೆ ಎಲ್ಲ ಹೇಳಿದೆ. ಅವರು ಕೆಟ್ಟವರಲ್ಲ, ಹೆದರಿದರು. "ಮೇಡಮ್, ಇನ್ನೇನು ರಿಟೈರ್ ಆಗ್ತೀರಾ. ಆ ಸ್ಟುಡಿಯೋದವ್ರೇ ತಮ್ಮ ತಪ್ಪು ಅಂತ ಒಪ್ಪಿಕೊಂಡಿದಾರಲ್ಲ. ಗಿರಾಕಿ ಡೌನ್‌ಲೋಡ್ ಮಾಡಿದ್ರು ಅಂತ ರಿಪೇರಿ ಜಾಬ್ ಕಾರ್ಡಲ್ಲಿ ಬರ್ದು ಮುಗಿಸಿಬಿಡಿ."

ಬರೆದೆ. ಇದನ್ನು ಓದುವವರಿಗೆ ನಾನು ಒಳ್ಳೆಯವಳಾಗಿ ಕಾಣಬೇಕೆಂಬ ಆಸೆ ಇಲ್ಲದಿಲ್ಲ, ಆದರೆ ನಿಜ ಇದು: ಬರೆದು ಸಹಿ ಹಾಕಿದೆ. ಒಂದು ವಾರ ಹಾಗೇ ಇದ್ದೆ. ಆಮೇಲೆ ಮುಸ್ತಫಾನಿಂದ ಮೊಬೈಲಿಗೆ ಒಂದು ಸಂದೇಶ ಬಂತು. "ಅಕ್ಕ, ನನ್ನಿಂದ ನಿಮಗೆ ಕೆಟ್ಟ ಹೆಸರು ಬಂತೇನೋ. ಮಾಫ್ ಮಾಡಿ. ಊಟ ಸೇರ್ತಾ ಇಲ್ಲ." ಅದನ್ನು ಓದಿ ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. ಆ ಜಾಬ್ ಕಾರ್ಡಿನ ಬರಹವನ್ನು ಹೊಡೆದುಹಾಕಿ ನಿಜ ಬರೆದೆ. ಮ್ಯಾನೇಜರ್ ಮುಖ ತಿರುಗಿಸಿದರು. ಸಿಕ್ಕಿದ ಬಸ್ ಹತ್ತಿ ಭದ್ರಾವತಿಗೆ ಹೋದೆ.

ಸ್ಟುಡಿಯೋದಲ್ಲಿ ಅವನೊಬ್ಬನೇ ಇದ್ದ. ನಿಂತುಕೊಂಡೇ ಹೇಳಿದೆ. "ನಿನ್ನ ಡಿಸೈನ್ ಅಲ್ಲ ಮುಸ್ತಫಾ. ನನ್ನ ಕನ್ವರ್ಟರ್. ಅವತ್ತು ನಾನೇ ಹಾಕಿಹೋದೆ. ಗೊತ್ತಾದ ಮೇಲೂ ಒಂದು ವಾರ ಬಾಯಿ ಮುಚ್ಕೊಂಡಿದ್ದೆ."

ಅವನು ಬಯ್ಯಬಹುದೆಂದು ಕಾದೆ, ಬೈದಿದ್ದರೆ ಚೆನ್ನಾಗಿತ್ತು. ಅವನು ಸ್ಕ್ಯಾನರಿನ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದ. "ಸರಿ ಅಕ್ಕ. ಹೊರಡಿ. ಬಸ್ಸಿಗೆ ಹೊತ್ತಾಗುತ್ತೆ," ಎಂದ. ಆಮೇಲೆ ಫೋನ್ ಎತ್ತಲಿಲ್ಲ. ಆ ಬೀಗದಕೈಗೆ ನಾನು ತಿಳಿದವರನ್ನೆಲ್ಲ ಕೇಳಿದೆ, ಎಲ್ಲೂ ಸಿಗಲಿಲ್ಲ. ಹಣ ಕಳಿಸಿದರೂ ಸಿಗುವ ಖಾತ್ರಿಯಿಲ್ಲ ಎಂದರು. ಅವನು ಕಳಿಸಲೂ ಇಲ್ಲ.

ನಿವೃತ್ತಿಯ ದಿನ ಹಾರ ಹಾಕಿದರು, ಫೋಟೋ ತೆಗೆದರು. ಮಾರನೇ ವಾರವೇ ನಾನು ಒಂದು ಹಳೇ ಸ್ಕ್ಯಾನರು, ಲ್ಯಾಪ್‌ಟಾಪು ಹಿಡಿದು ನ್ಯೂ ಟೌನಿಗೆ ಹೊರಟೆ. ನೆಗೆಟಿವ್ ಹೋಗಿರಬಹುದು, ಜನರ ಗೋಡೆಗಳ ಮೇಲೆ ಚಿತ್ರಗಳಿವೆಯಲ್ಲ. ಬಾಗಿಲು ಬಡಿದು, "ಬಾಷಾ ಸಾಬ್ರು ತೆಗೆದ ಫೋಟೋ ಇದ್ಯಾ?" ಎಂದು ಕೇಳುವುದೇ ಕೆಲಸವಾಯಿತು. ಮಂಚದ ಕೆಳಗಿನ ಟ್ರಂಕಿನಿಂದ, ದೇವರ ಗೂಡಿನ ಪಕ್ಕದಿಂದ, ಸೀರೆಯ ಮಡಿಕೆಯೊಳಗಿಂದ ಅವು ಹೊರಬಂದವು. ನನಗೆ ಗುರುತಿದ್ದ ಮುಖಗಳು! ಬಿಳಿ ಹಾಳೆಯ ಹಿಂದೆ ಹೋದವರು ಒಬ್ಬೊಬ್ಬರಾಗಿ ಈಚೆ ಬರುತ್ತಿದ್ದರು. ಒಂದೊಂದು ಮನೆಯಲ್ಲಿ ಚಿತ್ರಕ್ಕಿಂತ ಅದರ ಕಥೆಯೇ ಉದ್ದ. ಮುಗಿಯುವಷ್ಟರಲ್ಲಿ ಎರಡು ಲೋಟ ಕಾಫಿ. ಹಾಗೆಂದು ಎಲ್ಲ ಸಿಕ್ಕಿತೆಂದು ತಿಳಿಯಬೇಡಿ. ಕ್ವಾರ್ಟರ್ಸ್ ಬಿಟ್ಟು ಹೋದವರೇ ಹೆಚ್ಚು. ಹೋದದ್ದರಲ್ಲಿ ನೂರಕ್ಕೆ ಹತ್ತೂ ವಾಪಸು ಬಂದಿಲ್ಲ.

ಕ್ರೇನ್ ಓಡಿಸುತ್ತಿದ್ದವರ ಹೆಂಡತಿ ಸೆಲ್ವಮ್ಮನ ಮನೆಗೆ ಹೋದದ್ದು ನಾಲ್ಕನೇ ತಿಂಗಳಿನಲ್ಲಿ. "ವಾಂಗ, ಒಳಗೆ ಬಾಮ್ಮಾ," ಎಂದು ಕೂರಿಸಿ, ಮಗಳು ದೊಡ್ಡವಳಾದಾಗ ಆರತಿ ಮಾಡಿದ ಫೋಟೋ ತಂದರು. ಸ್ಕ್ಯಾನರಿನ ಬೆಳಕು ಸರಿಯಿತು, ಚಿತ್ರ ಪರದೆಯ ಮೇಲೆ ಮೇಲಿಂದ ಕೆಳಕ್ಕೆ ಅರಳಿತು. ಕುರ್ಚಿಯ ಮೇಲೆ ಹೂ ಮುಡಿದ ಹುಡುಗಿ, ಹಿಂದೆ ಬೀರು, ಬೀರುವಿನ ಕನ್ನಡಿಗೆ ಹೂವಿನ ಬೆಡ್‌ಶೀಟ್. ಬೆಡ್‌ಶೀಟಿನ ಒಂದು ಮೂಲೆ ಜಾರಿತ್ತು. ದೊಡ್ಡದು ಮಾಡಿ ನೋಡಿದೆ. ಆ ಮೂಲೆಯಲ್ಲಿ ಒಬ್ಬ ಮನುಷ್ಯ. ಒಂದು ಕಣ್ಣು ಕ್ಯಾಮೆರಾದ ಹಿಂದೆ, ಇನ್ನೊಂದು ತೆರೆದಿದೆ, ಕೆನ್ನೆ ಮೇಲೆದ್ದಿದೆ. ನಗುತ್ತಿದ್ದಾರೆ.

"ಅವರೇಮ್ಮಾ ಬಾಷಾ ಅಣ್ಣ," ಎಂದರು ಸೆಲ್ವಮ್ಮ. "ನನ್ನ ಮಗಳು ಅಳ್ತಾ ಇತ್ತು. ನಗಿಸಕ್ಕೆ ಏನೇನೋ ಮಾಡಿದಾರು."

ಅದನ್ನು ಹೊಸ ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೊರಟೆ. ಫೋನಿಗೇ ಕಳಿಸಬಹುದಿತ್ತು. ಕಳಿಸಲು ಮನಸ್ಸಾಗಲಿಲ್ಲ. ಸ್ಟುಡಿಯೋದಲ್ಲಿ ಮಧ್ಯಾಹ್ನದ ಅದೇ ಬಿಸಿಲಿನ ಎಳೆ. ಮುಸ್ತಫಾ ನನ್ನನ್ನು ನೋಡಿ ಎದ್ದು ನಿಂತ. ಪೆನ್‌ಡ್ರೈವ್ ಇದ್ದ ಅಂಗೈ ಮುಂದೆ ಚಾಚಿದೆ.

"ಏನಿದೆ ಇದ್ರಲ್ಲಿ?"

"ನಿಮ್ಮ ಅಬ್ಬಾ."

ಅವನು ಬಹಳ ಹೊತ್ತು ನನ್ನ ಅಂಗೈಯನ್ನೇ ನೋಡಿದ. ಆಮೇಲೆ ತೆಗೆದುಕೊಂಡ. ಕಂಪ್ಯೂಟರಿಗೆ ಹಾಕಿದ.

"ತೆರೀಬೇಡ, ಮೊದ್ಲು..." ಎಂದೆ.

"ಗೊತ್ತಕ್ಕ." ಆಂಟಿವೈರಸ್ ಆನ್ ಇತ್ತು, ಬ್ಯಾಕಪ್ ಡಿಸ್ಕ್ ಕಳಚಿ ಕಪಾಟಿನಲ್ಲಿಟ್ಟಿತ್ತು. ಅವನು ಸ್ಕ್ಯಾನ್ ಒತ್ತಿದ. ನನಗೊಂದು ಕುರ್ಚಿ ಎಳೆದು ಹಾಕಿದ. ಹಸಿರು ಗೆರೆ ಎಡದಿಂದ ಬಲಕ್ಕೆ ನಿಧಾನವಾಗಿ ತುಂಬುತ್ತಿತ್ತು. ಇಬ್ಬರೂ ಅಕ್ಕಪಕ್ಕ ಕೂತು ಅದನ್ನೇ ನೋಡಿದೆವು. ಈ ಕಸುಬಿಗೆ ಬಂದಾಗಿನಿಂದ ನಾನು ಅವಸರ ಮಾಡದೆ ಕಾದದ್ದು ಅದೊಂದೇ ಸಲವಿರಬೇಕು. ಯಾವ ಅಪಾಯವೂ ಇಲ್ಲ ಎಂದು ಬಂತು. ಅವನು ಚಿತ್ರ ತೆರೆದ, ಕನ್ನಡಿಯ ಮೂಲೆಯನ್ನು ತಾನೇ ಕಂಡುಕೊಂಡ. ಬೆರಳು ಪರದೆಯ ಹತ್ತಿರ ಹೋಯಿತು, ಮುಟ್ಟಲಿಲ್ಲ.

ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದ.

"ಇನ್ಮುಂದೆ ಈ ಕಂಪ್ಯೂಟರ್‌ಗೆ ಕೊನೇಲಿ ಕೈ ಹಾಕಿದ್ದು ಯಾರು ಅಂತ ಯಾರಾದ್ರೂ ಕೇಳಿದ್ರೆ, ನಿಮ್ಮ ಹೆಸರೇ ಹೇಳ್ತೀನಿ ಅಕ್ಕ," ಎಂದ.